ನಿಮಿತ್ತರಾಯರು ಕಾರಣ ಹೇಳದ ಸಂಜೆ

ತಡವಾಗಿ ಬಂದವರನ್ನು ನಿಮಿತ್ತರಾಯರು ಕ್ಷಮಿಸಿಬಿಡುತ್ತಿದ್ದರು. ತಡವಾದದ್ದಕ್ಕೆ ಸಡಿಲವಾದ ಕಾರಣ ಕೊಟ್ಟವರನ್ನು ಮಾತ್ರ ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ. ಬಣ್ಣದ ಕೋಣೆಗೆ ಏದುಸಿರು ಬಿಡುತ್ತ ಓಡಿಬಂದ ನಟನೊಬ್ಬ ಬಸ್ಸು ಸಿಗಲಿಲ್ಲ ಸಾರ್ ಎಂದನೋ, ಮುಗಿಯಿತು ಅವನ ಕಥೆ. ಬಸ್ಸು ಬರಲೇ ಇಲ್ಲವೋ, ಬಂದು ನಿಲ್ಲಲಿಲ್ಲವೋ, ನಿಂತಾಗ ಇವನು ಅಲ್ಲಿರಲಿಲ್ಲವೋ, ಇದ್ದೂ ಹತ್ತಲಿಲ್ಲವೋ ಎಂದು ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡಿಸುತ್ತ ಹೋಗಿ, ಕೊನೆಗೆ ಅವನ ಮೊದಲ ಪ್ರವೇಶವೇ ತಪ್ಪಿಹೋಗುವಂತೆ ಮಾಡುತ್ತಿದ್ದರು. ಆ ತಪ್ಪಿದ ಪ್ರವೇಶಕ್ಕೆ ಯಾರು ಕಾರಣ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅವರು ನಮ್ಮ ರಂಗಮಂದಿರದ ಮ್ಯಾನೇಜರು. ಟಿಕೆಟ್ಟಿನ ಕಿಟಕಿ, ಮುರಿದ ಕುರ್ಚಿ, ಸೋರುವ ನಲ್ಲಿ, ಮುನಿಸಿಕೊಂಡ ನಟ, ಇವೆಲ್ಲ ಅವರ ಪಾಲಿಗೇ ಬಂದಿದ್ದವಾದರೂ ತಮ್ಮ ನಿಜವಾದ ಉದ್ಯೋಗವೆಂದು ಅವರು ನಂಬಿದ್ದದ್ದು ಒಂದನ್ನೇ. ನಾಟಕಕ್ಕೆ ಏನಾದರೂ ವಿಘ್ನ ಬಂದಾಗ ಪರದೆಯ ನಡುವಿನ ಸೀಳಿನಿಂದ ಹೊರಬಂದು, ಬೆಳಕಿನ ವೃತ್ತದಲ್ಲಿ ನಿಂತು, ಆ ವಿಘ್ನದ ಕಾರಣವನ್ನು ಪ್ರೇಕ್ಷಕರಿಗೆ ಇಂಗ್ಲಿಷಿನಲ್ಲಿ ನಿವೇದಿಸುವುದು. ಇಂಗ್ಲಿಷ್ ಯಾಕೆಂದರೆ ಮೊದಲ ಮಾಲೀಕರ ಕಾಲದಿಂದ ಹಾಗೇ ನಡೆದುಬಂದಿತ್ತು, ಅಷ್ಟೆ. ನಾಟಕ ನಮ್ಮ ಭಾಷೆಯದು, ನೋಡುವವರು ನಮ್ಮವರು, ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಇಂಗ್ಲಿಷಿನ ಗಂಧಗಾಳಿ ಇಲ್ಲ. ಆದರೂ ಆ ಪರದೆಯ ಮುಂದೆ ನಿಂತು ಮನೆಯ ಮಾತಿನಲ್ಲಿ ಕ್ಷಮೆ ಕೇಳಿದರೆ ಅದು ಕ್ಷಮೆಯೇ ಅಲ್ಲವೆಂಬ ನಂಬಿಕೆ ಹೇಗೋ ಬೇರುಬಿಟ್ಟಿತ್ತು. ಜನ ರಾಯರ ಮುಖ ನೋಡಿ ಸಂಗತಿ ಅರ್ಥಮಾಡಿಕೊಳ್ಳುತ್ತಿದ್ದರು. ಮುಖ ಗಂಭೀರವಾಗಿದ್ದರೆ ಯಾರಿಗೋ ಹುಷಾರಿಲ್ಲ, ತೀರಾ ಗಂಭೀರವಾಗಿದ್ದರೆ ಇವತ್ತು ಆಟವೇ ಇಲ್ಲ.

ನಾನಾಗ ಅಲ್ಲಿ ಪ್ರಾಂಪ್ಟರ್ ಆಗಿದ್ದೆ. ಸೈಡ್‌ವಿಂಗಿನ ಮರೆಯಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು, ಮಾತು ಮರೆತವರಿಗೆ ಮೆಲ್ಲಗೆ ಮಾತು ಎತ್ತಿಕೊಡುವುದು ನನ್ನ ಕೆಲಸ. ರಾಯರು ಪರದೆಯ ಹಿಂದೆ ಶತಪಥ ಹಾಕುತ್ತಿದ್ದದ್ದು ನನ್ನ ಮೂಗಿನ ನೇರಕ್ಕೇ ಆದ್ದರಿಂದ, ಜನ ಅವರ ಕಾರಣಗಳನ್ನು ಕೇಳಿದ್ದಾರೆ, ನಾನು ಅವು ಹುಟ್ಟುವುದನ್ನು ನೋಡಿದ್ದೇನೆ ಎಂದು ಸ್ವಲ್ಪ ಜಂಬದಿಂದಲೇ ಹೇಳಬಲ್ಲೆ. ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ. ಯಾರು ಏನು ಬೈದರೂ ಎರಡೂ ಕೈ ಮೇಲೆತ್ತಿ "ನಾನು ನಿಮಿತ್ತ ಮಾತ್ರ" ಎಂದುಬಿಡುವ ಅಭ್ಯಾಸದಿಂದ ನಟರು ಇಟ್ಟ ಹೆಸರೇ ನಿಂತುಬಿಟ್ಟಿತು. ಕೊನೆಗೆ ಟಿಕೆಟ್ ಕೊಡುವವನೂ ನಿಮಿತ್ತರಾಯರು ಊಟಕ್ಕೆ ಹೋಗಿದ್ದಾರೆ ಎಂದು ಸಲೀಸಾಗಿ ಹೇಳತೊಡಗಿದ.

ಅವರ ಕೋಟಿನ ಬಗ್ಗೆ ಹೇಳದಿದ್ದರೆ ಅವರನ್ನು ಹೇಳಿದ ಹಾಗಾಗುವುದಿಲ್ಲ. ಅದು ಹಿಂದೆ ಯಾವುದೋ ನಾಟಕದ ನ್ಯಾಯಾಧೀಶನಿಗೆಂದು ಹೊಲಿಸಿದ ಉದ್ದನೆಯ ಕರಿಕೋಟು. ನಾಟಕ ಬಿದ್ದುಹೋಯಿತು, ನ್ಯಾಯಾಧೀಶನಾದವ ಕಂಪನಿ ಬಿಟ್ಟುಹೋದ, ಕೋಟು ಮಾತ್ರ ರಾಯರ ಮೈಗೆ ಅಂಟಿಕೊಂಡಿತು. ತೋಳು ಗಿಡ್ಡ, ಬೆನ್ನು ಅಗಲ, ಕುತ್ತಿಗೆಯ ಹತ್ತಿರ ಹಳೆಯ ಬಣ್ಣದ ಕಲೆ. ಎಂಥ ಸೆಕೆಯಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ. ಕೋಟಿಲ್ಲದೆ ಹೇಳಿದ ಕಾರಣ ನೆಪದ ಹಾಗೆ ಕೇಳಿಸುತ್ತದೆಂದು ಅವರ ವಾದ. ಆ ಕೋಟಿನಲ್ಲಿ ಕೈ ಬೆನ್ನಿಗೆ ಕಟ್ಟಿ ನಡೆಯುತ್ತಿರುವಾಗ ತಲೆಯಲ್ಲಿ ಒಂದು ಪದ ಹೊಳೆದರೆ, ಎತ್ತಿದ ಕಾಲನ್ನು ಇಳಿಸುವುದನ್ನೇ ಮರೆತು, ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಂತುಬಿಡುವರು. ಪದ ಸರಿಹೋದರೆ ಕಾಲು ಮುಂದಕ್ಕೆ, ಇಲ್ಲವಾದರೆ ಹಿಂದಕ್ಕೆ. ಬಹಳ ಸಲ ಅದು ಹಿಂದಕ್ಕೇ ಬರುತ್ತಿತ್ತು.

ಮಾತಿನಲ್ಲೂ ಇದೇ ರೀತಿ. ನಮ್ಮ ಭಾಷೆಯೇ ಕಾರಣವನ್ನು ಮೊದಲು ಹೇಳಿಸಿ ಕೆಲಸವನ್ನು ಕೊನೆಗೆ ಇಡುವಂಥದ್ದು; ಅಂಥ ಭಾಷೆ ರಾಯರ ಕೈಗೆ ಸಿಕ್ಕಿದ ಮೇಲೆ ಕೇಳಬೇಕೇ? ಊಟ ಆಯಿತೇ ಎಂದು ಕೇಳಿದರೆ, ಬೆಳಿಗ್ಗೆ ಬಡಗಿ ಬಾರದ್ದು, ಬಡಗಿ ಬಾರದ್ದರಿಂದ ಮೆಟ್ಟಿಲಿನ ರಿಪೇರಿ ನಿಂತದ್ದು, ಮೆಟ್ಟಿಲು ನಿಂತದ್ದರಿಂದ ತಾಲೀಮು ಕೆಳಗಿನ ಕೋಣೆಗೆ ಹೋದದ್ದು, ಹೀಗೆ ಸಾಗಿ ಸಾಗಿ, ಅವರ ಊಟ ಆಯಿತೋ ಇಲ್ಲವೋ ತಿಳಿಯುವ ಹೊತ್ತಿಗೆ ಕೇಳಿದವನಿಗೆ ಹಸಿವಾಗುತ್ತಿತ್ತು. ಅವರ ಹೆಂಡತಿ ನಗುನಗುತ್ತ ಹೇಳುತ್ತಿದ್ದ ಕಥೆಯೊಂದಿದೆ. ಹೆಣ್ಣು ನೋಡಲು ಬಂದ ದಿನ ಆಕೆ ಧೈರ್ಯ ಮಾಡಿ, ನನ್ನನ್ನೇ ಯಾಕೆ ಒಪ್ಪಿಕೊಂಡಿರಿ ಎಂದು ಕೇಳಿದಳಂತೆ. ರಾಯರು ಒಂದು ವಾರ ಸಮಯ ಬೇಕು ಎಂದರಂತೆ. "ಇನ್ನೂ ಆ ವಾರ ಮುಗಿದಿಲ್ಲ ನೋಡಿ" ಎನ್ನುವಾಗ ಆಕೆಯ ನಗುವಿನ ಅಡಿಯಲ್ಲಿ ಸಣ್ಣದೊಂದು ನಿಟ್ಟುಸಿರೂ ಇರುತ್ತಿತ್ತು.

ಅವರ ಶತಪಥವೆಲ್ಲ 'ಇಂಥ ಕಾರಣದಿಂದ' ಎಂಬರ್ಥದ ಐದಾರು ಇಂಗ್ಲಿಷ್ ನುಡಿಗಳ ನಡುವೆ. 'ಬಿಕಾಸ್ ಆಫ್' ಎಂದರೆ ಬೆರಳು ಮಾಡಿ ತೋರಿಸುವುದು, ಇವನಿಂದಲೇ ಆದದ್ದು ಎಂದು ನಾಲ್ಕು ಜನರ ಎದುರು ಹೆಸರಿಸುವುದು. ಅದನ್ನು ಮನುಷ್ಯರ ಮೇಲೆ ಎಂದೂ ಪ್ರಯೋಗಿಸಬಾರದು. 'ಡ್ಯೂ ಟು' ಯಂತ್ರಗಳಿಗೆ ಸರಿ. ಪರದೆಯ ರಾಟೆ ಸಿಕ್ಕಿಹಾಕಿಕೊಂಡಿತೋ, ಕರೆಂಟು ಹೋಯಿತೋ, ಅಲ್ಲಿ ಕೋಪವೂ ಬೇಡ, ಕನಿಕರವೂ ಬೇಡ. 'ಓಯಿಂಗ್ ಟು' ತಲೆ ತಗ್ಗಿಸಿ ಹೇಳಬೇಕಾದದ್ದು. ಕಾಯಿಲೆ, ಸಾವು, ಬಿರುಗಾಳಿ, ಮನುಷ್ಯ ಕೈಮುಗಿದು ನಿಲ್ಲಬೇಕಾದ ಎಲ್ಲದಕ್ಕೂ ಅದೇ. 'ಥ್ಯಾಂಕ್ಸ್ ಟು' ಇನ್ನೊಬ್ಬರ ಪುಣ್ಯದಿಂದ ಒಳ್ಳೆಯದಾದಾಗ ಮಾತ್ರ. ಅದನ್ನು ವ್ಯಂಗ್ಯಕ್ಕೆ ಬಳಸುವವರನ್ನು ಕಂಡರೆ ಕೆಂಡಾಮಂಡಲವಾಗುತ್ತಿದ್ದರು. 'ಆನ್ ಅಕೌಂಟ್ ಆಫ್' ಎಂಬುದರಲ್ಲಿ ಅವರಿಗೆ ಗುಮಾಸ್ತರ ಮೇಜಿನ ವಾಸನೆ ಬರುತ್ತಿತ್ತು. ಇಂಗ್ಲಿಷಿನವರು ಈ ಭೇದಗಳನ್ನು ಹೀಗೆಯೇ ಮಾಡುತ್ತಾರೆಯೇ ಎಂದು ಕೇಳಿದರೆ ನಾನು ಅರಿಯೆ; ಬಹುಶಃ ಅವರಿಗೂ ಇಷ್ಟೊಂದು ಪುರುಸೊತ್ತು ಇರಲಿಕ್ಕಿಲ್ಲ.

ಒಮ್ಮೆ ನಾಟಕದ ನಡುವೆ ದೀಪಗಳೆಲ್ಲ ಆರಿಹೋದವು. ರಾಯರು ಟಾರ್ಚನ್ನು ತಮ್ಮ ಮುಖಕ್ಕೆ ತಾವೇ ಹಿಡಿದುಕೊಂಡು ಪರದೆಯ ಮುಂದೆ ಬಂದು ನಿಂತರು. ಹೊರಗೆ ಗಾಳಿಮಳೆ ಇತ್ತು. ಗಾಳಿಯಿಂದ ತಂತಿ ಹರಿದಿದ್ದರೆ 'ಓಯಿಂಗ್ ಟು', ಫ್ಯೂಸು ಸುಟ್ಟಿದ್ದರೆ 'ಡ್ಯೂ ಟು'. ಎರಡರಲ್ಲಿ ಯಾವುದೆಂದು ಅವರು ಕತ್ತಲಲ್ಲಿ ಮೀನಮೇಷ ಎಣಿಸುತ್ತಿರುವಾಗಲೇ ಝಗ್ಗನೆ ದೀಪ ಬಂತು, ಜನ ಚಪ್ಪಾಳೆ ಹೊಡೆದರು. ಬೇರೆ ಯಾರಾದರೂ ಆಗಿದ್ದರೆ ನಕ್ಕು ಒಳಗೆ ಬರುತ್ತಿದ್ದರು. ರಾಯರು ಚಪ್ಪಾಳೆ ನಿಲ್ಲುವವರೆಗೆ ಕಾದು, ಮುಗಿದುಹೋದ ಕತ್ತಲೆಗೆ ವಿಧಿವತ್ತಾಗಿ ಕಾರಣ ಹೇಳಿ, ಬಾಗಿ ನಮಸ್ಕರಿಸಿಯೇ ಒಳಬಂದರು.

ಇದನ್ನೆಲ್ಲ ಹುಚ್ಚು ಎಂದು ನಗುತ್ತಿದ್ದವರ ಬಾಯಿ ಮುಚ್ಚಿಸಿದ್ದು ಹಾಸ್ಯನಟನ ಪ್ರಸಂಗ. ಅವನು ಆವತ್ತು ಕುಡಿದು ಬಂದು ಪೋಷಾಕಿನ ಪೆಟ್ಟಿಗೆಗಳ ಮೇಲೆ ಬಿದ್ದುಕೊಂಡಿದ್ದ. ಮಾಲೀಕರು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮಾನ ಹೋಗಲಿ ಅವನದು ಎಂದು ಕೂಗಾಡಿದರು. ರಾಯರು ಹೊರಗೆ ಹೋಗಿ, ತಲೆ ತಗ್ಗಿಸಿ, 'ಓಯಿಂಗ್ ಟು' ಎಂದು ಎತ್ತಿಕೊಂಡು, ಅಸ್ವಸ್ಥತೆಯ ಮಾತು ಹೇಳಿ ಬಂದರು. ಪೆಟ್ಟಿಗೆಯ ಮೇಲಿದ್ದವನು ಅಮಲಿನಲ್ಲೂ ಅದನ್ನು ಕೇಳಿಸಿಕೊಂಡು ಮಕ್ಕಳ ಹಾಗೆ ಅತ್ತ. ಸುಳ್ಳಲ್ಲವೇ ಸಾರ್ ಅದು ಎಂದು ನಾನು ಆಮೇಲೆ ಕೆಣಕಿದೆ. ಕುಡಿತವೂ ಕಾಯಿಲೆಯೇ, ಸುಳ್ಳೇನಿಲ್ಲ ಎಂದು ಮೊದಲು ಗದರಿ, ಆಮೇಲೆ ಮೆತ್ತಗಾಗಿ ಹೇಳಿದರು: "ಮುಂದೆ ಕೂತವರು ಎದ್ದು ಮನೆಗೆ ಹೋಗ್ತಾರಯ್ಯ. ಪರದೆ ಹಿಂದೆ ನಿಂತವನು ಈ ಮಾತನ್ನ ಹೊತ್ಕೊಂಡು ಬಾಳಬೇಕು. ನಾನು ಮಾತಾಡೋದು ಅವನಿಗೆ." ಅಂದಿನಿಂದ ನಾನು ಅವರನ್ನು ಅಣಕಿಸುವುದನ್ನು ಬಿಟ್ಟೆ, ಪೂರ್ತಿ ಬಿಟ್ಟೆ ಎಂದಲ್ಲ, ಕಡಿಮೆ ಮಾಡಿದೆ.

ಆ ಪರದೆಯ ಹಿಂದೆ ಅವರ ಅಕ್ಕನೂ ನಿಲ್ಲುತ್ತಿದ್ದರು. ರಾಯರಿಗೆ ಒಡಹುಟ್ಟಿದವರಾದರೂ ಇಡೀ ಕಂಪನಿಗೆ ಅವರು ಅಕ್ಕನೇ. ಚಿಕ್ಕಂದಿನಲ್ಲಿ ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಕಂಪನಿ ಸೇರಿದವರು, ಪೋಷಾಕಿನ ಪೆಟ್ಟಿಗೆಯಲ್ಲಿ ಅವನನ್ನು ಮಲಗಿಸಿ ರಂಗಕ್ಕೆ ಹೋಗಿ ಬರುತ್ತಿದ್ದವರು, ತಾವು ಓದು ಕಲಿಯದೆ ತಮ್ಮನನ್ನು ಓದಿಸಿದವರು. ತಮ್ಮ ಓದಿ ಹೇಳಬೇಕು, ಅಕ್ಕ ಕಿವಿಯಿಂದ ಕೇಳಿ ಕಂಠಸ್ಥ ಮಾಡಬೇಕು. ಹಾಗೆ ಕಲಿತ ಮಾತು ಅವರ ಬಾಯಿಂದ ಬಂದಾಗ ಅದು ಬರೆದದ್ದೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಮಗಳಾಗಿ, ಸೊಸೆಯಾಗಿ, ರಾಣಿಯಾಗಿ, ಕೊನೆಗೆ ತಾಯಿಯ ಪಾತ್ರಗಳಿಗೆ ಬಂದು ನಿಂತಿದ್ದರು. ಜ್ವರವಿರಲಿ, ಕಾಲು ಉಳುಕಿರಲಿ, ಒಂದು ಆಟವನ್ನೂ ತಪ್ಪಿಸಿದವರಲ್ಲ. ಅವರಿದ್ದಾಗ ನನ್ನ ಸ್ಟೂಲಿನ ಮೇಲೆ ನಾನು ನಿಶ್ಚಿಂತೆಯಿಂದ ತೂಕಡಿಸುತ್ತಿದ್ದೆ.

ಅಕ್ಕನಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ, ತಮ್ಮನ ಆ ಐದಾರು ನುಡಿಗಳನ್ನು ಬಿಟ್ಟು. ಅಷ್ಟು ವರ್ಷ ಸೈಡ್‌ವಿಂಗಿನಲ್ಲಿ ನಿಂತು ಕೇಳಿ ಕೇಳಿ, ಯಾರಿಗೆ ಯಾವುದು ಸಿಕ್ಕಿತೆಂದು ಅವರಿಗೆ ಬಾಯಿಪಾಠವಾಗಿತ್ತು. ರಾಯರು ಕೋಟು ಸರಿಮಾಡಿಕೊಳ್ಳುವಾಗ ಇವತ್ತು ಯಾರಿಗಪ್ಪಾ ಓಯಿಂಗು ಎಂದು ರೇಗಿಸುವರು. ಗಂಟೆ ಬಾರಿಸುವವನಿಗೆ ಜ್ವರ ಬಂದ ದಿನ ಅವನ ಪಾಲಿಗೂ ಒಂದು ಓಯಿಂಗು ಸಿಕ್ಕಿದ್ದನ್ನು ಊರೆಲ್ಲ ಹೇಳಿಕೊಂಡು ನಕ್ಕಿದ್ದರು. ಒಂದು ಸಂಜೆ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತ, ಕನ್ನಡಿಯಲ್ಲೇ ತಮ್ಮನನ್ನು ನೋಡಿ, "ನಾನು ಬರದೇ ಹೋದ ದಿನಕ್ಕೆ ಒಳ್ಳೇದೊಂದು ಎತ್ತಿಟ್ಟಿರೋ, ಎಲ್ಲರಿಗೂ ಕೊಟ್ಟದ್ದನ್ನೇ ನನಗೂ ಕೊಡಬೇಡ" ಎಂದರು. ನಿನಗೆ ಹೊಸದೇ ಹುಡುಕಿ ಇಡುತ್ತೇನೆ ಎಂದು ರಾಯರು ಜಂಬ ಕೊಚ್ಚಿದರು. ಮೂವರೂ ನಕ್ಕೆವು.

ಆಮೇಲೆ ಅಕ್ಕ ಮಾತು ಮರೆಯತೊಡಗಿದರು. ಮೊದಲು ತಿಳಿದದ್ದು ನನಗೇ, ನನ್ನ ಕೆಲಸವೇ ಅದು. ಒಂದು ಪದ ಎತ್ತಿಕೊಟ್ಟರೆ ಹಿಡಿದುಕೊಂಡು ಮುಂದೆ ಹೋಗುತ್ತಿದ್ದವರಿಗೆ ಒಂದು ಸಾಲು ಬೇಕಾಯಿತು, ಆಮೇಲೆ ಎರಡು. ಒಂದು ದಿನ ಈ ನಾಟಕದ ಮಗನಿಗೆ ಹಿಂದಿನ ನಾಟಕದ ಗಂಡನ ಮಾತನ್ನು ಹೇಳಿಬಿಟ್ಟರು. ಎದುರಿನ ನಟ ಹೇಗೋ ಸಂಭಾಳಿಸಿದ. ಇನ್ನೊಂದು ದಿನ ನಡುರಂಗದಲ್ಲಿ ನಿಂತವರು ನಿಂತೇ ಇದ್ದರು. ನಾನು ಎತ್ತಿಕೊಟ್ಟೆ, ಮತ್ತೆ ಎತ್ತಿಕೊಟ್ಟೆ, ಕೊನೆಗೆ ಮುಂದಿನ ಸಾಲಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ. ಅಕ್ಕ ಮೆಲ್ಲಗೆ ತಿರುಗಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಗಾಬರಿಗಿಂತ ನಾಚಿಕೆಯೇ ಹೆಚ್ಚಿತ್ತು. 

ಮಾರನೆಯ ಬೆಳಿಗ್ಗೆ ಮಾಲೀಕರು ರಾಯರನ್ನು ಕರೆಸಿದರು. ತಾಯಿಯ ಪಾತ್ರ ಇವತ್ತಿನಿಂದ ಹೊಸ ನಟಿಗೆ. ಆ ಹುಡುಗಿ ಮಾತೆಲ್ಲ ಕಲಿತಾಗಿದೆ. ಮಾಲೀಕರು ಕೆಟ್ಟವರೇನಲ್ಲ, ಅಕ್ಕನಿಗೆ ಸಂಬಳ ನಿಲ್ಲುವುದಿಲ್ಲ ಎಂದೂ ಹೇಳಿದರು. ಆದರೆ ವಿಷಯ ಮುಟ್ಟಿಸುವವರು ಯಾರು? ನಿಮ್ಮ ಅಕ್ಕ, ನೀವೇ ಹೇಳಿದರೆ ಚೆಂದ ಎಂದು ಅವರು ಕೈ ತೊಳೆದುಕೊಂಡರು.

ಆ ಇಡೀ ದಿನ ರಾಯರು ನಡೆದರು. ಖಾಲಿ ಕುರ್ಚಿಗಳ ಸಾಲಿನಲ್ಲಿ, ಹಿಂದಿನ ಮೆಟ್ಟಿಲುಗಳ ಮೇಲೆ, ಪರದೆಯ ಈ ತುದಿಯಿಂದ ಆ ತುದಿಗೆ. ರಂಗಮಂದಿರದ ಹಿಂದಿನ ಓಣಿಯಲ್ಲೇ ಅಕ್ಕನ ಮನೆ. ಹೋಗಿ ಹೇಳಿ ಬನ್ನಿ ಸಾರ್ ಎಂದು ನಾನೂ ಹೇಳಿದೆ, ಬುತ್ತಿ ತಂದ ಅವರ ಹೆಂಡತಿಯೂ ಹೇಳಿದರು. ಹೋಗುತ್ತೇನೆ, ಹೇಗೆ ಹೇಳಬೇಕೆಂಬುದೊಂದು ಸ್ಪಷ್ಟವಾಗಲಿ ಎಂದರು. ಸ್ಪಷ್ಟವಾಗುವುದರೊಳಗೆ ಸಂಜೆಯಾಯಿತು, ಅಕ್ಕ ಎಂದಿನಂತೆ ಬಂದೇಬಿಟ್ಟರು. ಬಣ್ಣದ ಕೋಣೆಯ ಬಾಗಿಲಲ್ಲಿ ನಿಂತು, ತಮ್ಮ ಕನ್ನಡಿಯ ಮುಂದೆ ತಮ್ಮ ಪಾತ್ರದ ಶಾಲು ಹೊದ್ದು ಕೂತ ಹುಡುಗಿಯನ್ನು ನೋಡಿದರು. ಹುಡುಗಿ ಧಡಕ್ಕನೆ ಎದ್ದು ನಿಂತಳು, ಪಾಪ, ಅವಳ ತಪ್ಪೇನು? ಅಕ್ಕ ಅವಳ ಹೆಗಲ ಮೇಲೆ ಜಾರುತ್ತಿದ್ದ ಶಾಲನ್ನು ಸರಿಮಾಡಿ, ಬಂದು ಸೈಡ್‌ವಿಂಗಿನಲ್ಲಿ ನನ್ನ ಪಕ್ಕ ನಿಂತರು. ಹೊರಟುಹೋಗಬಹುದಿತ್ತು, ಹೋಗಲಿಲ್ಲ. ತಮ್ಮನ ಬಾಯಿಂದ ತನ್ನ ಪಾಲಿಗೆ ಏನು ಬರುತ್ತದೆಂದು ಕೇಳಲು ನಿಂತಿದ್ದರು.

ರಾಯರು ಅವರನ್ನು ನೋಡಿದರು, ನೋಡದವರ ಹಾಗೆ ತಿರುಗಿದರು. ಅವರ ತುಟಿ ಅಲುಗುವುದು ನನಗೆ ಕಾಣುತ್ತಿತ್ತು. ಅನಾರೋಗ್ಯವೆಂದು ತಲೆ ತಗ್ಗಿಸಿ ಹೇಳೋಣವೆಂದರೆ ಅಕ್ಕ ಗುಂಡುಕಲ್ಲಿನ ಹಾಗೆ ಅಲ್ಲೇ ನಿಂತಿದ್ದಾರೆ, ಕಣ್ಣೆದುರಿಗೇ ಸುಳ್ಳಾಗುತ್ತದೆ. ವಯಸ್ಸು ಎಂದು 'ಡ್ಯೂ ಟು' ಹಚ್ಚಿದರೆ ಅಕ್ಕನನ್ನು ತುಕ್ಕು ಹಿಡಿದ ರಾಟೆಯ ಸಾಲಿಗೆ ಸೇರಿಸಿದಂತೆ. ಮರೆವನ್ನು 'ಬಿಕಾಸ್ ಆಫ್' ಎಂದು ಬೆರಳು ಮಾಡಿ ತೋರಿಸುವುದುಂಟೇ? ಹೊಸ ಹುಡುಗಿಯ ಪುಣ್ಯದಿಂದ ಆಟ ಉಳಿಯಿತೆಂದು 'ಥ್ಯಾಂಕ್ಸ್' ಹೇಳಿದರೆ ಹಳಬಳನ್ನು ಹೊರಗೆ ತಳ್ಳಿದಂತೆ. ಆಟ ಶುರುವಾಗುವ ಮೂರನೇ ಬೆಲ್ಲು ಹೊಡೆಯಿತು. ಕಾಲು ಎತ್ತಿಯೇ ನಿಂತಿದ್ದ ರಾಯರು ಬೆಚ್ಚಿಬಿದ್ದು ಪರದೆಯ ಸೀಳಿನಿಂದ ಹೊರಗೆ ಹೋದರು. ಈ ಸಂಜೆ ತಾಯಿಯ ಪಾತ್ರವನ್ನು ಹೊಸ ನಟಿ ನಿರ್ವಹಿಸುತ್ತಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟೇ. ಅದರ ಹಿಂದೆ ಮುಂದೆ ಏನೂ ಇಲ್ಲ. ಅವರ ಇಡೀ ಉದ್ಯೋಗದಲ್ಲಿ ಕಾರಣವಿಲ್ಲದೆ ಹೇಳಿದ ಮಾತು ಅದೊಂದೇ, ಮತ್ತು ಅದನ್ನು ಅವರು ಕರುಣೆಯೆಂದು ತಿಳಿದಿದ್ದರು.

ಒಳಗೆ ಬಂದಾಗ ಅಕ್ಕ ಎದುರಿಗೇ ನಿಂತಿದ್ದರು. ದನಿ ಏರಿಸಲಿಲ್ಲ, ಪಾತ್ರಕ್ಕೆಂದು ಒಂದು ಕಾಲದಲ್ಲಿ ಇಡೀ ಸಭೆಯನ್ನು ಅಳಿಸಿದ ದನಿಯಲ್ಲ, ಮನೆಯಲ್ಲಿ ಮಾತಾಡುವ ಸಣ್ಣ ದನಿ.

"ಗಂಟೆ ಹೊಡೆಯೋನಿಗೂ ಒಂದು ಕಾರಣ ಕೊಟ್ಟೆ. ನನ್ನ ಪಾಲಿಗೆ ಒಂದೂ ಇರಲಿಲ್ವೇನೋ?"

ರಾಯರು ಬಾಯಿ ತೆರೆದರು. ಆಗಲಾದರೂ ಏನಾದರೂ ಒಂದು, ಎಂಥದ್ದಾದರೂ ಒಂದು ಹೇಳಬೇಕಿತ್ತು. ಅವರು ಆಗಲೂ ಆರಿಸುತ್ತಿದ್ದರು. ಅಕ್ಕ ಮೂಲೆಯಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹಿಂಬಾಗಿಲಿನಿಂದ ಹೊರಟುಹೋದರು. ಪರದೆ ಎದ್ದಿತು, ಹುಡುಗಿ ಚೆನ್ನಾಗಿಯೇ ಮಾಡಿದಳು. ನನಗೆ ಒಂದೇ ಒಂದು ಸಾಲನ್ನೂ ಎತ್ತಿಕೊಡುವ ಪ್ರಮೇಯ ಬರಲಿಲ್ಲ, ಅದಕ್ಕೂ ನನಗೆ ಸಿಟ್ಟು ಬಂತು.

ಅಕ್ಕ ಮತ್ತೆ ರಂಗಮಂದಿರದ ಕಡೆ ತಲೆ ಹಾಕಲಿಲ್ಲ. ರಾಯರು ಅಕ್ಕನ ಮನೆಯ ಕಡೆ ಹೋಗಲಿಲ್ಲ ಎಂದರೆ ತಪ್ಪಾಗುತ್ತದೆ. ಹೋಗುತ್ತಿದ್ದರು, ಓಣಿಯ ತಿರುವಿನವರೆಗೆ. ಅಲ್ಲಿಯ ದರ್ಜಿ ಅಂಗಡಿಯ ಮುಂದೆ ನಿಂತು, ಮನಸ್ಸಿನಲ್ಲಿ ಕಟ್ಟಿಕೊಂಡು ಬಂದ ವಾಕ್ಯವನ್ನು ಇನ್ನೊಮ್ಮೆ ಹೇಳಿಕೊಂಡು, ಅದರಲ್ಲಿ ಏನೋ ಒಂದು ಕುಂದು ಕಂಡು ತಿರುಗಿಬಿಡುತ್ತಿದ್ದರು. ನಾನೇ ಎಷ್ಟೋ ಸಲ ಕಂಡಿದ್ದೇನೆ. ದರ್ಜಿಯಂತೂ ಇವರು ಕೋಟು ಬಿಗಿ ಮಾಡಿಸಲು ಬಂದು ನಾಚಿಕೊಂಡು ಹೋಗುವವರೆಂದೇ ತಿಳಿದಿದ್ದ. ಅವರ ಹೆಂಡತಿ ಮಾತ್ರ ವಾರಕ್ಕೊಮ್ಮೆ ಅಡುಗೆ ಕಟ್ಟಿಕೊಂಡು ಹೋಗಿ ಅತ್ತಿಗೆಯ ಜೊತೆ ಕೂತು ಹರಟಿ ಬರುತ್ತಿದ್ದರು. ಬಂದು ಗಂಡನಿಗೆ ಹೇಳುವರು: ಬಾಗಿಲು ತೆರೆದೇ ಇರುತ್ತೆ, ಬೈದರೆ ಬೈಸಿಕೊಳ್ಳಿ, ಹೋಗಿ ಬನ್ನಿ. ರಾಯರು ತಲೆಯಾಡಿಸುವರು. ಇಷ್ಟು ದಿನ ಬಿಟ್ಟು ಹೋಗುವಾಗ ಸುಮ್ಮನೆ ಹೋಗಲಾಗುತ್ತದೆಯೇ, ಹೇಳುವುದು ಮೊದಲಿಗಿಂತ ಚೆನ್ನಾಗಿರಬೇಡವೇ ಎನ್ನುವರು. ಹಾಗೆ ದಿನ ಹೆಚ್ಚಾದಷ್ಟೂ ಹೇಳಬೇಕಾದ ಮಾತಿನ ಭಾರವೂ ಹೆಚ್ಚುತ್ತ ಹೋಯಿತು. ದಿನಗಳು ತಿಂಗಳಾಗಿ, ತಿಂಗಳು ವರ್ಷಗಳಾದವು. ಅವರ ನೆತ್ತಿ ಬೋಳಾಯಿತು, ಕೋಟಿನ ಮೊಣಕೈ ಹರಿಯಿತು. ಪರದೆಯ ಮುಂದೆ ಮಾತ್ರ ಅವರು ಎಂದಿನಂತೆ ಬಂದು ಕಂಡಕಂಡವರ ನೆಗಡಿಗೆಲ್ಲ ಸೊಗಸಾದ ಕಾರಣ ಹೇಳುತ್ತಿದ್ದರು. ಅದನ್ನು ಕೇಳುವಾಗ ಒಮ್ಮೊಮ್ಮೆ ಎದ್ದು ಹೋಗಿ ಅವರ ರಟ್ಟೆ ಹಿಡಿದು ಓಣಿಗೆ ಎಳೆದುಕೊಂಡು ಹೋಗೋಣ ಎನ್ನಿಸುತ್ತಿತ್ತು.

ಕೊನೆಗೆ ಅಕ್ಕ ಆಸ್ಪತ್ರೆ ಸೇರಿದ ಸುದ್ದಿ ಬಂತು. ಹೃದಯದ ತೊಂದರೆ; ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದಾರೆ ಎಂದು ರಾಯರ ಹೆಂಡತಿ ಕಣ್ಣೊರೆಸಿಕೊಂಡರು. ಬೆಳಿಗ್ಗೆ ತಾಲೀಮಿನ ಹೊತ್ತು. ರಾಯರು ನನ್ನನ್ನು ನೋಡಿ ನೀನೂ ಬಾ ಎಂದರು. ದಾರಿಯುದ್ದಕ್ಕೂ ಅವರ ತುಟಿ ಅಲುಗುತ್ತಲೇ ಇತ್ತು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ, ವಾರ್ಡಿನ ಬಾಗಿಲ ಮುಂದೆ, ಅವರ ಕಾಲು ಅಭ್ಯಾಸಬಲದಿಂದ ಮೇಲೆದ್ದು ನಿಂತಿತು. ಈ ಸಲ ನಾನು ಸುಮ್ಮನಿರಲಿಲ್ಲ, ಬೆನ್ನಿಗೆ ಕೈಯಿಟ್ಟು ಒಳಗೆ ದಬ್ಬಿದೆ.

ಅಕ್ಕ ಬಹಳ ಬಡವಾಗಿದ್ದರು. ದಿಂಬಿಗೆ ಒರಗಿ ಕಿಟಕಿಯ ಕಡೆ ನೋಡುತ್ತಿದ್ದವರು ಸದ್ದಿಗೆ ತಿರುಗಿದರು. ತಮ್ಮನ ಮುಖ, ಕೋಟು, ಹರಿದ ಮೊಣಕೈ, ಎಲ್ಲವನ್ನೂ ನಿಧಾನವಾಗಿ ನೋಡಿದರು. ರಾಯರು ಇಂಗ್ಲಿ‍ಷಿನಲ್ಲಿ ಕಟ್ಟಿದ್ದೋ, ಕನ್ನಡದಲ್ಲಿ ಕಟ್ಟಿದ್ದೋ, ಅಷ್ಟು ವರ್ಷ ಕಟ್ಟಿದ್ದೆಲ್ಲ ಆ ಕ್ಷಣಕ್ಕೆ ಎಲ್ಲಿ ಹೋಯಿತೋ, ಕಡ್ಡಿ ಮುರಿದಂತೆ ಹೇಳಿಬಿಟ್ಟರು.

"ಅಕ್ಕಾ, ನಿನಗೆ ಮಾತು ಮರೀತಿತ್ತು. ಅದಕ್ಕೇ ತೆಗೆದದ್ದು. ಹೇಳೋಕೆ ನನಗೆ ಬಾಯಿ ಬರಲಿಲ್ಲ."

 ಅಕ್ಕನ ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ. ಇಷ್ಟು ದಿನ ಇದನ್ನೇ ಇಟ್ಟುಕೊಂಡು ಕೂತಿದ್ದೆಯಾ ಎಂಬಂಥ ಬೆರಗು ಮಾತ್ರ ಇತ್ತು.

"ಅದು ನನಗೆ ಗೊತ್ತಿರಲಿಲ್ವೇನೋ? ನನ್ನ ಬಾಯಿಂದ ಹೋದ ಮಾತು ನನಗೆ ತಿಳೀದೇ ಹೋಗುತ್ತಾ? ನೀನು ಬಂದು ಪಕ್ಕದಲ್ಲಿ ಕೂತು ಹೇಳ್ತೀಯ ಅಂತ ಅವತ್ತು ಬೆಳಗಿನಿಂದ ಕಾದಿದ್ದೆ." ಸ್ವಲ್ಪ ಉಸಿರು ತೆಗೆದುಕೊಂಡು ಕೇಳಿದರು, "ಅದು ಹೋಗ್ಲಿ. ಇಷ್ಟು ವರ್ಷ ಯಾಕೆ ಬರಲಿಲ್ಲ?"

ರಾಯರು ಕಣ್ಣು ಮುಚ್ಚಿದರು. ಹುಬ್ಬು ಗಂಟಿಕ್ಕಿತು, ಕೈಗಳು ತಮ್ಮಷ್ಟಕ್ಕೆ ಬೆನ್ನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡವು. ಆ ಭಂಗಿಯನ್ನು ಅಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಮೆಲ್ಲಗೆ ಹಾಸಿಗೆಯ ಒಂದು ಬದಿಗೆ ಸರಿದು ಜಾಗ ಮಾಡಿದರು.

"ಬೇಡ, ಹುಡುಕಬೇಡ. ಹುಡುಕೋಕೆ ಶುರುಮಾಡಿದ್ರೆ ಮತ್ತೆ ಎದ್ದು ಹೋಗ್ತೀಯ. ಇಲ್ಲಿ ಕೂತ್ಕೋ."

ರಾಯರು ಕೂತರು. ಅಕ್ಕನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ತೋಳು ಗಿಡ್ಡವಾದ ಆ ನ್ಯಾಯಾಧೀಶನ ಕೋಟಿನಲ್ಲಿ ಬಿಕ್ಕಿ ಬಿಕ್ಕಿ ಅತ್ತರು. ಅವರ ಹೆಂಡತಿ ಬಾಗಿಲಿಗೆ ಬಂದವರು ಅಲ್ಲೇ ನಿಂತರು, ನಾನು ಕಾರಿಡಾರಿಗೆ ಬಂದೆ. ಅಕ್ಕ ಅಲ್ಲಿಂದ ಮನೆಗೆ ಬರಲಿಲ್ಲ. ಉಳಿದ ಕೆಲವೇ ದಿನ ರಾಯರು ಅವರ ಹಾಸಿಗೆ ಬಿಟ್ಟು ಕದಲಲಿಲ್ಲ. ಅವರೇನು ಮಾತಾಡಿಕೊಂಡರೆಂದು ಹೆಂಡತಿಯನ್ನು ಕೇಳಿದರೆ, ಏನೂ ಇಲ್ಲ, ಚಿಕ್ಕಂದಿನ ಹಾಗೆ ಇವರು ಏನಾದರೂ ಓದಿ ಹೇಳುವುದು, ಅವರು ಕೇಳುತ್ತ ನಿದ್ದೆ ಹೋಗುವುದು ಎಂದರು. ಆಮೇಲೆ ರಾಯರು ಬಹಳ ಕಾಲ ಬದುಕಿದ್ದರು. ಕಂಡಾಗಲೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಸಂಗತಿ, ರಂಗಮಂದಿರದಿಂದ ಆ ಓಣಿಗೆ ಎಷ್ಟು ಹತ್ತಿರವಿತ್ತು ಎಂದು.

ಇಂಥವರು ಲೋಕದಲ್ಲಿ ಕಡಿಮೆಯೇನಿಲ್ಲ. ಮಾತು ಒರಟಾದೀತೆಂದು ಹೆದರಿ ಅದನ್ನು ಮನಸ್ಸಿನಲ್ಲೇ ಉಜ್ಜುತ್ತ ಕೂರುವವರು, ನಮ್ಮ ನೋವಿಗೆ ತಕ್ಕ ಪದ ಸಿಕ್ಕದೆ ನಮ್ಮ ಮುಂದೆ ಬರಲಾರದವರು. ಕಲ್ಲೆದೆಯವರು ನಮ್ಮನ್ನು ನೋಯಿಸಿದರೆ ನಾಲ್ಕು ಬೈದು ಹಗುರಾಗಬಹುದು. ಇವರನ್ನು ಬೈಯುವುದಕ್ಕೂ ಬರುವುದಿಲ್ಲ, ಏಕೆಂದರೆ ಇವರಿಂದ ಬರುವ ನೋವು ಪ್ರೀತಿಯ ಬಾಗಿಲಿನಿಂದಲೇ ಬರುತ್ತದೆ. ಪರರಿಗೆ ಇವರು ಎಷ್ಟು ಚೆಂದವಾಗಿ ಮಾತಾಡಬಲ್ಲರು! ತಮ್ಮವರ ವಿಷಯಕ್ಕೆ ಬಂದಾಗ ಮಾತ್ರ ಯಾವ ಮಾತೂ ಸಾಲದೆನ್ನಿಸಿ, ಬರಿಗೈಯಲ್ಲಿ ಬರಲು ಸಂಕೋಚಪಟ್ಟು, ಬಾರದೇ ಉಳಿದುಬಿಡುತ್ತಾರೆ. ಕಾಯುವವರಿಗೆ ಬೇಕಾದದ್ದು ಇವರೇ ಎಂಬುದು, ಬಾಯಿಗೆ ಬಂದ ಯಾವುದೋ ಒರಟು ಮಾತು ಹಿಡಿದುಕೊಂಡು ಬಂದಿದ್ದರೂ ಸಾಕಾಗುತ್ತಿತ್ತೆಂಬುದು ಇವರಿಗೆ ತಿಳಿಯುವುದೇ ಇಲ್ಲವೆಂದಲ್ಲ. ತಿಳಿಯುತ್ತದೆ. ತಿಳಿದು ಓಡಿಬರುವ ಹೊತ್ತಿಗೆ ಕಾದವರು ಹಾಸಿಗೆಯಲ್ಲಿ ಸರಿದು ಜಾಗವನ್ನೇನೋ ಮಾಡಿಕೊಟ್ಟಿರುತ್ತಾರೆ. ಕೂರುವುದಕ್ಕೆ ಹೊತ್ತು ಉಳಿದಿರುವುದಿಲ್ಲ.